ಮನೆಯೊಳಗೊಂದು ಜಲಪಾತ

ಮಧ್ಯಾಹ್ನ ಎರಡು ಗಂಟೆ. ಊಟದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿಯಾಗಿದೆ. ಯಜಮಾನರು ಬರುವುದು ಸಂಜೆಗೆ, ಮಗ ಕಾಲೇಜಿನಿಂದ ಬರಲು ಇನ್ನೂ ಎರಡು ಗಂಟೆ ಇದೆ. ಎದುರು ಮನೆಯಿಂದ ಮಗ್ಗದ ಸದ್ದು ಒಂದೇ ಸಮನೆ ಕೇಳುತ್ತಿದೆ. ರೇಷ್ಮೆ ಸೀರೆ ನೇಯುವ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಈ ಸದ್ದಿಲ್ಲದ ಮಧ್ಯಾಹ್ನವೇ ಇಲ್ಲ. ಸೋದರಿಯರೇ, ಈ ಎರಡು ಗಂಟೆಯಲ್ಲಿ ನೀವು ಏನು ಮಾಡುತ್ತೀರಿ? ಒಂದು ಜೊಂಪು ನಿದ್ದೆ, ಒಂದು ಧಾರಾವಾಹಿ, ಇಲ್ಲವೇ ಸಂಜೆಗೆ ಸೊಪ್ಪು ಬಿಡಿಸುವುದು. ನಾನೂ ಇಪ್ಪತ್ತನಾಲ್ಕು ವರ್ಷ ಹಾಗೆಯೇ ಮಾಡಿದೆ. ಈಗ ಆ ಹೊತ್ತಿನಲ್ಲಿ ಒಂದು ಜಲಪಾತ ಬರೆಯುತ್ತೇನೆ.

ನಗಬೇಡಿ. ಹುಡುಗಿಯಾಗಿದ್ದಾಗ ನಾನು ಡ್ರಾಯಿಂಗ್ ಲೋಯರ್ ಗ್ರೇಡ್ ಪಾಸು ಮಾಡಿದ್ದೆ. ಹೈಯರ್ ಗ್ರೇಡಿಗೆ ಕಟ್ಟಬೇಕು ಅನ್ನುವಷ್ಟರಲ್ಲಿ ಮದುವೆ ಗೊತ್ತಾಯಿತು. ಬಣ್ಣದ ಪೆಟ್ಟಿಗೆ ತವರಿನಿಂದ ನನ್ನ ಜೊತೆಗೇ ಬಂತು, ಬಂದದ್ದು ನೇರ ಅಟ್ಟ ಸೇರಿತು. ಯಾರೂ ಬೇಡವೆಂದು ಹೇಳಲಿಲ್ಲ. ಹೇಳುವ ಸಂದರ್ಭವೇ ಬರಲಿಲ್ಲ. ಮಕ್ಕಳು, ಹಬ್ಬ, ನೆಂಟರು, ಮಾವನವರ ಕಾಯಿಲೆ... ನಿಮಗೆ ಗೊತ್ತಿರುವ ಕಥೆಯೇ. ಹೊಸ್ತಿಲ ಮುಂದಿನ ರಂಗೋಲಿ ಬಿಟ್ಟರೆ ನನ್ನ ಕೈ ಚಿತ್ರವನ್ನೇ ಮರೆತಿತ್ತು.

ಮತ್ತೆ ಶುರು ಮಾಡಲು ಧೈರ್ಯ ಕೊಟ್ಟದ್ದು ನಮ್ಮೂರಿನವರೇ ಆದ ಒಬ್ಬ ಹಿರಿಯರ ಬದುಕು. ರುಮಾಲೆ ಚೆನ್ನಬಸವಯ್ಯನವರ ಹೆಸರು ನೀವು ಕೇಳಿರಬಹುದು. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಯೌವನದಲ್ಲಿ ಚಿತ್ರಕಲೆ ಕಲಿತರು. ಸ್ವಾತಂತ್ರ್ಯ ಚಳವಳಿಯ ಕರೆ ಬಂದಾಗ ಕುಂಚ ಕೆಳಗಿಟ್ಟು ಹೊರಟುಬಿಟ್ಟರು. ಆಮೇಲೆ ದೇಶಸೇವೆ, ರಾಜಕೀಯ, ಪತ್ರಿಕೆಯ ಕೆಲಸ ಎಂದು ವರ್ಷಗಳೇ ಕಳೆದವು. ಅವರು ಮತ್ತೆ ಪೂರ್ತಿಯಾಗಿ ಚಿತ್ರಕ್ಕೆ ಮರಳುವ ಹೊತ್ತಿಗೆ ವಯಸ್ಸು ಐವತ್ತು ದಾಟಿತ್ತು. ಅಲ್ಲಿಂದ 1988ರಲ್ಲಿ ತೀರಿಕೊಳ್ಳುವವರೆಗೂ ನಾಡಿನ ಗಿಡಮರ, ಬೆಟ್ಟ, ಬೀದಿಗಳನ್ನು ಜಲವರ್ಣದಲ್ಲೂ ತೈಲವರ್ಣದಲ್ಲೂ ಬರೆದರು. ಬೆಂಗಳೂರಿನ ಹೂಬಿಟ್ಟ ಮರಗಳೆಂದರೆ ರುಮಾಲೆ ಎನ್ನುವಂತಾಯಿತು. ಅವರೆಲ್ಲಿ, ನಾನೆಲ್ಲಿ! ಆದರೆ ಇಟ್ಟ ಕುಂಚವನ್ನು ಮತ್ತೆ ಎತ್ತಿಕೊಳ್ಳಬಹುದು ಎನ್ನುವುದಕ್ಕೆ ನನಗೆ ಅಷ್ಟು ಸಾಕ್ಷಿ ಸಾಕಾಯಿತು.

ಎಣ್ಣೆ ಬಣ್ಣವೇ ಏಕೆ?

ಜಲವರ್ಣ ಅಗ್ಗ, ಸಲಕರಣೆಯೂ ಕಡಿಮೆ. ಆದರೆ ಅದಕ್ಕೆ ಅವಸರ ಜಾಸ್ತಿ. ಕಾಗದ ಒದ್ದೆಯಿರುವಾಗಲೇ ಕೆಲಸ ಮುಗಿಯಬೇಕು. ನಡುವೆ ಹಾಲಿನವನು ಕೂಗಿದರೆ, ಕುಕ್ಕರ್ ಸೀಟಿ ಹೊಡೆದರೆ ಚಿತ್ರ ಕೆಟ್ಟಿತು. ಎಣ್ಣೆ ಬಣ್ಣ ಹಾಗಲ್ಲ, ಅದು ಕಾಯುತ್ತದೆ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಮಾಡಿದ್ದು ಅದು. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸೆ. ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಇವತ್ತು ಹಚ್ಚಿದ್ದನ್ನು ನಾಳೆಯೂ ತಿದ್ದಬಹುದು, ಕೆಟ್ಟರೆ ಚಾಕುವಿನಿಂದ ಕೆರೆದು ತೆಗೆಯಬಹುದು, ಒಣಗಿದ ಮೇಲೆ ಅದರ ಮೇಲೆಯೇ ಮತ್ತೆ ಬರೆಯಬಹುದು. ದಿನಕ್ಕೆ ಹತ್ತು ಸಲ ಎದ್ದು ಹೋಗುವ ನಮ್ಮಂಥವರಿಗೆ ಇದಕ್ಕಿಂತ ತಾಳ್ಮೆಯ ಬಣ್ಣ ಬೇರೊಂದಿಲ್ಲ.

ಬೇಕಾಗುವ ಸಾಮಾನು

ಕ್ಯಾನ್ವಾಸ್ ಅಂಟಿಸಿದ ರಟ್ಟು, 12 ಅಂಗುಲಕ್ಕೆ 16 ಅಂಗುಲದ್ದು – 1
ಬಣ್ಣದ ಟ್ಯೂಬು – 6: ಟೈಟಾನಿಯಂ ವೈಟ್ (ದೊಡ್ಡದು), ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಲೆಮನ್ ಯೆಲ್ಲೋ
ಒರಟು ಕೂದಲಿನ ಚಪ್ಪಟೆ ಕುಂಚ – ಅಗಲದ್ದು 1, ನಡುವಿನದು 1, ಸಣ್ಣದು 1
ಬಣ್ಣ ಕಲೆಸುವ ಚಾಕು – 1
ಚಿತ್ರಕಾರರ ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ – ಒಂದೊಂದು ಸಣ್ಣ ಸೀಸೆ
ಹಳೇ ಕಾಟನ್ ಸೀರೆಯ ಚಿಂದಿ, ಮಿಕ್ಕಿದ ಒಂದು ಬಿಳಿ ಟೈಲ್ಸ್, ಮುಚ್ಚಳವಿರುವ ಎರಡು ಗಾಜಿನ ಸೀಸೆ

ಕಪ್ಪು ಬಣ್ಣ ಮರೆತಿದ್ದಾಳೆ ಅಂದುಕೊಳ್ಳಬೇಡಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿದರೆ ಕಪ್ಪಿಗಿಂತ ಜೀವವಿರುವ ಕಪ್ಪು ಬರುತ್ತದೆ. ಹಸಿರನ್ನೂ ಕೊಳ್ಳುವುದು ಬೇಡ. ನೀಲಿಗೆ ಲೆಮನ್ ಯೆಲ್ಲೋ ಸೇರಿಸಿದರೆ ಎಳೆಯ ಚಿಗುರು, ಓಕರ್ ಸೇರಿಸಿದರೆ ಬಲಿತ ಎಲೆ. ಟೈಲ್ಸೇ ನಿಮ್ಮ ಬಣ್ಣದ ಮಣೆ. ಅಡುಗೆಯ ಕಡಲೆಕಾಯಿ ಎಣ್ಣೆ ಬೆರೆಸಿ ಉಳಿತಾಯ ಮಾಡಲು ಹೋಗಬೇಡಿ, ಅದು ಒಣಗುವುದೇ ಇಲ್ಲ.

ಸುಣ್ಣ ಹೊಡೆದ ಗೋಡೆ

ನನ್ನ ಮೊದಲ ಜಲಪಾತದ ಕಥೆ ಹೇಳಿಬಿಡುತ್ತೇನೆ. ಕ್ಯಾಲೆಂಡರಿನ ಜೋಗದ ಚಿತ್ರ ಮುಂದಿಟ್ಟುಕೊಂಡು ಕೂತೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇಕೆಂಬ ಆಸೆ. ಬಂಡೆ ಬರೆದೆ, ಕಾಡು ಬರೆದೆ, ನಡುವೆ ಬಿಳಿ ಟ್ಯೂಬು ಹಿಂಡಿ ಮೇಲಿಂದ ಕೆಳಗೆ ಎಳೆದೆ. ಸಂಜೆ ನಮ್ಮನೆಯವರು ನೋಡಿ, “ಗೋಡೆಗೆ ಸುಣ್ಣ ಹೊಡೆದ ಹಾಗಿದೆಯಲ್ಲೇ” ಅಂದರು. ತಮಾಷೆಗೆ ಅಂದದ್ದೇ. ಆದರೂ ನನಗೆ ಅವತ್ತು ಅನ್ನ ಸೇರಲಿಲ್ಲ. ಇಷ್ಟು ವರ್ಷ ಬಿಟ್ಟದ್ದು ಮತ್ತೆ ಬರುತ್ತದೆಯೇ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅನ್ನಿಸಿತು. ಚಿತ್ರವನ್ನು ಅಕ್ಕಿ ಡ್ರಮ್ಮಿನ ಹಿಂದೆ ತಳ್ಳಿದೆ.

ಅದನ್ನು ಹೊರಗೆ ತೆಗೆಸಿದವರು ನಮ್ಮತ್ತೆ. ಅವರು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನಡುಮನೆಯ ಮಂಚದಲ್ಲೇ ಇರುತ್ತಾರೆ. ಕೈ ನಡೆಯುವಷ್ಟು ಕಾಲ ಮನೆಯಲ್ಲೇ ರೇಷ್ಮೆ ನೂಲು ಸುತ್ತಿ ಸಂಸಾರಕ್ಕೆ ಆಸರೆಯಾದವರು. “ಅದೇನು ಬಚ್ಚಿಟ್ಟಿದ್ದೀಯೇ, ತೋರ್ಸು” ಅಂದರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಬಿಳೀ ರೇಷ್ಮೆ ಲಡಿ ತೂಗ್ಹಾಕಿದಾಗ ನೋಡಿದ್ದೀಯಲ್ಲ. ಎಲ್ಲಾ ಕಡೆ ಬೆಳ್ಳಗಿರುತ್ತೇನೇ? ಬೆಳಕು ಬಿದ್ದ ಕಡೆ ಮಾತ್ರ ಬಿಳುಪು. ಎಳೆ ಒಳಕ್ಕೆ ಹೋದ ಕಡೆ ಬೂದಿ. ನೀನು ಎಲ್ಲಾ ಬಿಳೀನೇ ಬಳಿದಿದ್ದೀಯ, ಅದಕ್ಕೇ ನೀರು ಬೀಳ್ತಾ ಇಲ್ಲ.”

ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಬಳಿ ಆಮೇಲೆ ನಾನು ಕೆಲವು ತಿಂಗಳು ಪಾಠ ಹೇಳಿಸಿಕೊಂಡೆ. ಅತ್ತೆಯ ಮಾತು ಹೇಳಿದಾಗ ಅವರು ನಕ್ಕು, “ಅಮ್ಮಾ, ನಾನು ಒಂದು ವರ್ಷ ಹೇಳಿಕೊಡೋದನ್ನ ಅವರು ಒಂದು ಮಾತಲ್ಲಿ ಹೇಳಿದ್ದಾರೆ” ಅಂದರು.

ಕೆರೆ ಕೋಡಿಯ ಪಾಠ

ನಮ್ಮ ಬಯಲುಸೀಮೆಯಲ್ಲಿ ಜಲಪಾತ ಎಲ್ಲಿಂದ ತರೋಣ? ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನಲ್ಲಿ ಹಾದುಹೋಗುವ ಅರ್ಕಾವತಿಯ ಪಾತ್ರದಲ್ಲಿ ವರ್ಷದ ಬಹುಪಾಲು ನೀರೇ ಕಾಣುವುದಿಲ್ಲ. ಆದರೆ ನಮಗೆ ಕೆರೆಗಳಿವೆ. 2022ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ವರ್ಷಗಳ ಮೇಲೆ ತುಂಬಿ ಕೋಡಿ ಬಿದ್ದದ್ದು ನಿಮಗೆ ನೆನಪಿರಬೇಕು. ಊರಿಗೆ ಊರೇ ನೋಡಲು ಹೋಯಿತು, ಬಾಗಿನ ಬಿಟ್ಟಿತು. ನಾನೂ ಮಗನ ಸ್ಕೂಟರಿನಲ್ಲಿ ಹೋದೆ. ಎಲ್ಲರೂ ಫೋಟೊ ತೆಗೆಯುತ್ತಿದ್ದರು, ನಾನು ಸುಮ್ಮನೆ ನಿಂತು ನೋಡಿದೆ.

ನೋಡಿದ್ದು ನಾಲ್ಕು ಬಗೆಯ ನೀರು. ಕೋಡಿಯ ಅಂಚಿನಲ್ಲಿ ನೀರು ಬಗ್ಗುವಾಗ ಗಾಜಿನಂತೆ ನುಣುಪು, ಬಣ್ಣ ಕಪ್ಪು-ಕಂದು. ಸ್ವಲ್ಪ ಕೆಳಗೆ ಅದು ಒಡೆದು ಎಳೆ ಎಳೆಯಾಗುತ್ತದೆ, ಎಳೆಗಳ ನಡುವೆ ಹಿಂದಿನ ಕಲ್ಲು ಕಾಣುತ್ತದೆ. ಕಲ್ಲಿಗೆ ಬಡಿದ ಕಡೆ ಮಾತ್ರ ನೊರೆ, ಅಲ್ಲಿ ಅಚ್ಚ ಬಿಳುಪು. ಕೊನೆಗೆ ತಳದಲ್ಲಿ ಅಂಚೇ ಇಲ್ಲದ ಹನಿಯ ಮಂಜು. ನೀರಿಗೆ ತನ್ನದೇ ಬಿಳಿ ಬಣ್ಣವಿಲ್ಲ. ಅದರಲ್ಲಿ ಗಾಳಿ ಸೇರಿ ಗುಳ್ಳೆಯಾದಾಗ ಬೆಳಕು ಎಲ್ಲ ಕಡೆಗೂ ಚೆದುರುತ್ತದೆ, ಅದು ನಮಗೆ ಬೆಳ್ಳಗೆ ಕಾಣುತ್ತದೆ. ಮಜ್ಜಿಗೆ ಕಡೆಯುವಾಗ ನೊರೆ ಏಳುವುದನ್ನು ದಿನಾ ನೋಡುವ ನಮಗೆ ಇದು ತಿಳಿಯದ ವಿಷಯವೇನಲ್ಲ, ಯೋಚಿಸಿರಲಿಲ್ಲ ಅಷ್ಟೆ.

ಕಣ್ಣೆದುರು ಜಲಪಾತವಿಲ್ಲ ಎಂದು ಕೊರಗಬೇಕಾಗಿಯೂ ಇಲ್ಲ. ಜಲಪಾತದ ತೈಲಚಿತ್ರಗಳಿಗೆ ಹೆಸರಾದ ಯಾಕೊಬ್ ಫಾನ್ ರೊಯ್ಸ್‌ಡಾಲ್ ಹದಿನೇಳನೇ ಶತಮಾನದ ಹಾಲೆಂಡಿನವರು. ಅವರ ಊರು ನಮ್ಮ ಬಯಲಿಗಿಂತಲೂ ಸಪಾಟು. ಅಲಾರ್ಟ್ ಫಾನ್ ಎವರ್ಡಿಂಗನ್ ಎಂಬ ಇನ್ನೊಬ್ಬ ಚಿತ್ರಕಾರರು 1644ರಲ್ಲಿ ನಾರ್ವೆ, ಸ್ವೀಡನ್ ಕಡೆ ಹೋಗಿ ಅಲ್ಲಿನ ಜಲಪಾತಗಳನ್ನು ಬರೆದುಕೊಂಡು ಬಂದರು. ಅವುಗಳಿಂದ ಸ್ಫೂರ್ತಿ ಪಡೆದು, ಆ ದೇಶಗಳಿಗೆ ಕಾಲಿಡದೆಯೇ, ರೊಯ್ಸ್‌ಡಾಲ್ ನೂರಕ್ಕೂ ಹೆಚ್ಚು ಜಲಪಾತ ಬರೆದರು. ಇವತ್ತಿಗೂ ಶಾಸ್ತ್ರೀಯ ಜಲಪಾತ ದೃಶ್ಯವೆಂದರೆ ಅದೇ ಮಾದರಿ: ಹಿಂದೆ ಮೋಡ ಮತ್ತು ದೂರದ ಬೆಟ್ಟ, ನಡುವೆ ಬಂಡೆ-ಮರಗಳ ನಡುವಿಂದ ಧುಮುಕುವ ನೀರು, ಮುಂದೆ ಕತ್ತಲೆಯ ಬಂಡೆ, ನೊರೆಯ ಮಡು.

ನಾಲ್ಕು ಮಧ್ಯಾಹ್ನದ ಕೆಲಸ

ನಾನು ಆರಿಸಿಕೊಂಡದ್ದು ಚುಂಚಿ ಜಲಪಾತ. ನಮ್ಮ ಊರಿನಲ್ಲಿ ಒಣಗಿದಂತೆ ಕಾಣುವ ಅದೇ ಅರ್ಕಾವತಿ ಕಾವೇರಿಯನ್ನು ಸೇರುವ ಮೊದಲು ಕನಕಪುರ ತಾಲ್ಲೂಕಿನಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಮಗಳು ಸ್ನೇಹಿತೆಯರ ಜೊತೆ ಹೋದಾಗ ತೆಗೆದ ಫೋಟೊ ಇತ್ತು. ಮೊದಲ ಸಲ ಬರೆಯುವವರು ಒಂದೇ ಧಾರೆಯಿರುವ ಚಿತ್ರ ಆರಿಸಿಕೊಳ್ಳಿ. ನಾಲ್ಕು ಧಾರೆಯ ಜೋಗ ಎಲ್ಲಿಗೂ ಹೋಗುವುದಿಲ್ಲ.

ಮೊದಲ ಮಧ್ಯಾಹ್ನ: ಚೂರು ಬರ್ನ್ಟ್ ಅಂಬರಿಗೆ ಟರ್ಪೆಂಟೈನ್ ಹಾಕಿ ಡಿಕಾಕ್ಷನ್ನಿನಷ್ಟು ತೆಳು ಮಾಡಿ, ಇಡೀ ಕ್ಯಾನ್ವಾಸಿಗೆ ಚಿಂದಿಯಿಂದ ಒರೆಸಿ. ಬಿಳಿ ಹಿನ್ನೆಲೆ ಹೋದರೆ ಕೈಯ ಅಂಜಿಕೆಯೂ ಹೋಗುತ್ತದೆ. ಅದು ಆರಿದ ಮೇಲೆ ಸಣ್ಣ ಕುಂಚದಲ್ಲಿ ದೃಶ್ಯದ ಗೆರೆ ಎಳೆಯಿರಿ. ಧಾರೆಯನ್ನು ನಟ್ಟನಡುವೆ ಇಡಬೇಡಿ, ಒಂದು ಪಕ್ಕಕ್ಕೆ ಸರಿಸಿ. ಬೆಳಕು ಯಾವ ಕಡೆಯಿಂದ ಬರುತ್ತದೆಂದು ಮೊದಲೇ ತೀರ್ಮಾನಿಸಿ, ರಟ್ಟಿನ ಹಿಂದೆ ಬಾಣದ ಗುರುತು ಹಾಕಿಕೊಳ್ಳಿ. ನಡುವೆ ಎದ್ದು ಹೋಗಿ ಬಂದರೂ ಮರೆಯುವುದಿಲ್ಲ.

ಎರಡನೇ ಮಧ್ಯಾಹ್ನ: ಆಕಾಶದಿಂದ ಶುರು. ಬಿಳಿಗೆ ನೀಲಿಯ ಒಂದು ಚಿಟಿಕೆ, ದಿಗಂತದ ಹತ್ತಿರ ಓಕರಿನ ಇನ್ನೂ ಸಣ್ಣ ಚಿಟಿಕೆ. ದೂರದ ಬೆಟ್ಟ ಯಾವಾಗಲೂ ತಿಳಿ, ನೀಲಿ, ಮಸುಕು. ನಮ್ಮ ಮಾಕಳಿದುರ್ಗದ ಬೆಟ್ಟವನ್ನು ದೂರದಿಂದ ನೋಡಿ, ಹಸಿರು ಕಾಣುವುದೇ ಇಲ್ಲ. ಹತ್ತಿರ ಬಂದಂತೆ ಬಣ್ಣಕ್ಕೆ ಕಾವು, ಕಪ್ಪಿಗೆ ಗಾಢತೆ. ಈಗ ಮುಖ್ಯವಾದ ಮಾತು. ನೀರು ಬೀಳುವ ಜಾಗಕ್ಕೂ ಬಂಡೆಯ ಕಡುಬಣ್ಣವನ್ನೇ ಹಚ್ಚಿ. ಹೌದು, ನೀರಿರಬೇಕಾದ ಕಡೆಯೇ! ನೀಲಿ ಮತ್ತು ಅಂಬರ್ ಬೆರೆಸಿದ ಕಪ್ಪನ್ನು ತೆಳುವಾಗಿ ಬಳಿದುಬಿಡಿ. ಇಲ್ಲಿಗೆ ನಿಲ್ಲಿಸಿ. ಒಂದು ವಾರ ಗೋಡೆಗೆ ಒರಗಿಸಿಡಿ. ಮನೆಯವರು “ಇದೇನು, ಕತ್ತಲೆ ಗುಹೆಯೇ?” ಎಂದು ಕೇಳುತ್ತಾರೆ. ಕೇಳಲಿ.

ಮೂರನೇ ಮಧ್ಯಾಹ್ನ: ನೀರು ಬರುವ ದಿನ. ಬಿಳಿಗೆ ನೀಲಿ ಮತ್ತು ಚೂರು ಅಂಬರ್ ಬೆರೆಸಿ ಬೂದಿ ಬಣ್ಣ ಮಾಡಿಕೊಳ್ಳಿ. ಅಗಲ ಕುಂಚಕ್ಕೆ ಸ್ವಲ್ಪವೇ ಬಣ್ಣ ತಗುಲಿಸಿ, ಚಿಂದಿಯಲ್ಲಿ ಅರ್ಧ ಒರೆಸಿಬಿಡಿ. ಅಂಚಿನಿಂದ ಕೆಳಕ್ಕೆ, ನೀರು ಬೀಳುವ ದಿಕ್ಕಿನಲ್ಲೇ, ಹಗುರವಾಗಿ ಎಳೆದು ಬಿಡಿ. ಕುಂಚ ಒಣಗಿರುವುದರಿಂದ ಬಣ್ಣ ಎಳೆ ಎಳೆಯಾಗಿ ಕೂರುತ್ತದೆ, ಎಳೆಗಳ ನಡುವೆ ಅಡಿಯ ಕಪ್ಪು ಕಾಣುತ್ತದೆ. ಅದೇ ರೇಷ್ಮೆ ಲಡಿ! ಬಂಡೆ ಉಬ್ಬಿದ ಕಡೆ ಕೈ ಪಕ್ಕಕ್ಕೆ ತಿರುಗಲಿ, ನೀರೂ ಹಾಗೆಯೇ ತಿರುಗುತ್ತದೆ. ಒಂದು ಜಾಗಕ್ಕೆ ಎರಡು ಸಲಕ್ಕಿಂತ ಹೆಚ್ಚು ಉಜ್ಜಬೇಡಿ. ದೋಸೆ ಹುಯ್ದ ಮೇಲೆ ಮತ್ತೆ ಮತ್ತೆ ಸವರಿದರೆ ಏನಾಗುತ್ತದೆ? ಇಲ್ಲೂ ಅದೇ.

ನಾಲ್ಕನೇ ಮಧ್ಯಾಹ್ನ, ಇನ್ನೊಂದು ವಾರ ಬಿಟ್ಟು: ಬಂಡೆಯ ಬಿಸಿಲು ಬಿದ್ದ ಮುಖಕ್ಕೆ ಓಕರ್, ಸಿಯೆನ್ನಾ ಮತ್ತು ಬಿಳಿಯನ್ನು ಚಾಕುವಿನಿಂದ ಸವರಿ, ಬೆಣ್ಣೆ ಸವರಿದ ಹಾಗೆ. ಗಿಡಗಳಿಗೆ ಮೊದಲು ಕಡು ಹಸಿರು, ಅದರ ಮೇಲೆ ಅಲ್ಲಲ್ಲಿ ಎಳೆ ಹಸಿರು. ತಳದ ಮಂಜಿಗೆ ಒಣ ಕುಂಚದಲ್ಲಿ ಬೂದಿ-ಬಿಳುಪನ್ನು ಗುಂಡಗೆ ಮೆಲ್ಲಗೆ ತಿರುಗಿಸಿ, ಬಂಡೆಯ ಅಂಚು ಮಸುಕಾಗಲಿ. ಮಡುವಿನಲ್ಲಿ ಬಣ್ಣವನ್ನು ಮೊದಲು ಕೆಳಕ್ಕೆ ಎಳೆದು, ಆಮೇಲೆ ಅಡ್ಡಕ್ಕೆ ಒಂದು ಸಲ ಹಗುರವಾಗಿ ಸವರಿದರೆ ನೆರಳು ನೀರಿನಲ್ಲಿ ಅಲ್ಲಾಡುತ್ತದೆ. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಅಚ್ಚ ಬಿಳಿ. ನೊರೆ ಒಡೆಯುವ ನಾಲ್ಕೈದು ಕಡೆ ಮಾತ್ರ. ಸಾರಿಗೆ ಒಗ್ಗರಣೆ ಹಾಕುವಷ್ಟೇ, ಹೆಚ್ಚು ಬೇಡ.

ಒಂದು ನಿಯಮ ಎಂದಿಗೂ ಮರೆಯಬೇಡಿ. ಅಡಿಯ ಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನ ಪದರಗಳಿಗೆ ಎಣ್ಣೆ ಹೆಚ್ಚು. ಎಣ್ಣೆ ಹೆಚ್ಚಿದ್ದು ನಿಧಾನವಾಗಿ ಒಣಗುತ್ತದೆ. ಅದನ್ನು ಅಡಿಗೆ ಹಾಕಿದರೆ ಮೇಲಿನ ಪದರ ಮೊದಲೇ ಒಣಗಿ, ಕ್ರಮೇಣ ಬಿರುಕು ಬಿಡುತ್ತದೆ. ಚಿತ್ರ ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ವಾರ್ನಿಷ್ ಹಚ್ಚುವ ಆಸೆಯಿದ್ದರೆ ಆರು ತಿಂಗಳಾದರೂ ತಡೆಯಿರಿ.

ಸ್ವಲ್ಪ ಎಚ್ಚರಿಕೆ

ಟರ್ಪೆಂಟೈನ್ ಬೇಗ ಹತ್ತಿಕೊಳ್ಳುವ ವಸ್ತು, ಅದರ ಘಾಟೂ ಒಳ್ಳೆಯದಲ್ಲ. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಬೇಡವೇ ಬೇಡ. ಕಿಟಕಿ ತೆರೆದಿರಲಿ, ಸೀಸೆಯ ಮುಚ್ಚಳ ಹಾಕಿರಲಿ, ಮಕ್ಕಳ ಕೈಗೆ ಸಿಗದಿರಲಿ. ಅಗಸೆ ಎಣ್ಣೆ ಮೆತ್ತಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಅದು ಒಣಗುವಾಗ ಒಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗಡೆ ಅಗಲವಾಗಿ ಹರಡಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಸಿಟ್ಟು ಆಮೇಲೆ ಎಸೆಯಿರಿ. ಬಣ್ಣಕ್ಕೆ ಬಳಸಿದ ಚಮಚ, ಬಟ್ಟಲು ಮತ್ತೆ ಅಡುಗೆಗೆ ಬೇಡ. ಕುಂಚವನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿ, ಆಮೇಲೆ ಬಟ್ಟೆ ಸೋಪು ಹಚ್ಚಿ ತೊಳೆದರೆ ವರ್ಷಗಟ್ಟಲೆ ಬಾಳುತ್ತದೆ. ಉಳಿದ ಟರ್ಪೆಂಟೈನನ್ನು ಬಚ್ಚಲಿಗೆ ಸುರಿಯಬೇಡಿ. ಸೀಸೆಯಲ್ಲಿ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಮತ್ತೆ ಬಳಸಬಹುದು.

ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮರ ತೈಲಚಿತ್ರಗಳನ್ನು ನೋಡಿಬನ್ನಿ. ಬೆಂಗಳೂರಿಗೆ ಹೋದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಒಂದು ಗಂಟೆ ಎತ್ತಿಡಿ. ಒಂದು ಚಿತ್ರವನ್ನು ಹತ್ತಿರ ನಿಂತು ನೋಡಿ, ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಹತ್ತಿರದಿಂದ ಬರೀ ಬಣ್ಣದ ಗೀಟು, ದೂರದಿಂದ ಬೆಟ್ಟ, ಸೀರೆಯ ಮಡಿಕೆ, ಮುಖ. ನಿಮ್ಮ ಚಿತ್ರವನ್ನೂ ಹಾಗೆಯೇ ಆಗಾಗ ಬಾಗಿಲ ಬಳಿ ನಿಂತು ನೋಡಿಕೊಳ್ಳಿ.

ನೀರು ಬಿತ್ತೇ?

ಚುಂಚಿ ಬರೆಯುತ್ತಿದ್ದಷ್ಟು ದಿನವೂ ನಮ್ಮತ್ತೆ ಮಂಚದಿಂದಲೇ ಕೇಳುತ್ತಿದ್ದರು, “ನೀರು ಬಿತ್ತೇನೇ?” “ಇಲ್ಲ ಅತ್ತೆ, ಇನ್ನೂ ಬಂಡೇನೇ” ಅನ್ನುತ್ತಿದ್ದೆ. ಹಿಂದೆಲ್ಲ ಕೆರೆ ಕೋಡಿ ಬಿದ್ದಾಗ ಬಾಗಿನ ಹಿಡಿದು ಮೊದಲು ಹೊರಡುತ್ತಿದ್ದವರು ಅವರು. 2022ರಲ್ಲಿ ಮಾತ್ರ ಹೋಗಲಾಗಲಿಲ್ಲ. ನಾನು ನೋಡಿಬಂದು ಹೇಳಿದ್ದನ್ನು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ್ದರು.

ನಾಲ್ಕನೇ ಮಧ್ಯಾಹ್ನ ಮುಗಿದ ಮೇಲೆ ಚಿತ್ರವನ್ನು ತಂದು ಅವರ ಎದುರಿನ ಕುರ್ಚಿಯ ಮೇಲೆ ಇಟ್ಟೆ. ಚಿತ್ರದಲ್ಲಿ ತಪ್ಪುಗಳಿದ್ದವು. ಎಡಗಡೆಯ ಮರ ಹೂಕೋಸಿನಂತಾಗಿತ್ತು, ಆಕಾಶ ಸ್ವಲ್ಪ ಕೆಸರು. ಅತ್ತೆ ಅದನ್ನೇನೂ ನೋಡಲಿಲ್ಲ. “ಇದು ನಮ್ಮ ಹೊಳೆಯೇನೇ?” ಅಂದರು. ಹೌದು, ಅದೇ ಅರ್ಕಾವತಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಂದಿನ ಬಂಡೆಯ ಮೇಲೆ ನಾನು ಒಬ್ಬ ಹೆಂಗಸನ್ನು ಚಿಕ್ಕದಾಗಿ ಬರೆದಿದ್ದೆ, ಕೈಯಲ್ಲಿ ಮೊರ ಹಿಡಿದು ನಿಂತವಳು. ಅವಳ ಕಡೆ ಬೆರಳು ಮಾಡಿ ಅತ್ತೆ ಹೇಳಿದರು:

“ಅವಳನ್ನ ಸ್ವಲ್ಪ ಹಿಂದಕ್ಕೆ ನಿಲ್ಸೇ. ಆ ಕಲ್ಲು ಒದ್ದೆಯಾಗಿದೆ, ಜಾರುತ್ತೆ.”

ಬಣ್ಣ ಇನ್ನೂ ಹಸಿಯಾಗಿತ್ತು. ಚಾಕು ತಂದು ಕೆರೆದು, ಎರಡು ಬೆರಳಷ್ಟು ಹಿಂದಕ್ಕೆ ಅವಳನ್ನು ನಿಲ್ಲಿಸಿದೆ.